ಹಾಸು ಇನ್ನೂ ಮುಗಿದಿಲ್ಲ

ಬನಹಟ್ಟಿಯವರು ಮಾತಾಡಿದರೆ ಜಗಳವಾಡಿದಂತೆ ಕೇಳಿಸುತ್ತದೆ ಎಂದು ಜಮಖಂಡಿಯ ನಮ್ಮ ಬೀಗರು ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಓಣಿಯ ತುಂಬ ಪವರ್‌ಲೂಮ್‌ಗಳು ಖಟಾಖಟ್ ಎನ್ನುವಾಗ ಮೆಲ್ಲಗೆ ಮಾತಾಡಿ ಯಾರಿಗೇನು ಪ್ರಯೋಜನ? ನಮ್ಮಲ್ಲಿ ಗುಟ್ಟನ್ನೂ ಕೂಗಿಯೇ ಹೇಳುವುದು. ಇಂಥ ಊರಿಗೆ ಸೊಸೆಯಾಗಿ ಬಂದ ನಾನು ಮಾತ್ರ ಮೆತ್ತಗಿನ ದನಿಯವಳು. ಸಾಲಿಯಲ್ಲಿ ನಾನು ಹೇಳಿದ ಹಾಜರಿ ಮಾಸ್ತರಿಗೆ ಕೇಳಿಸದೆ, ಎದುರಿಗೇ ಕುಳಿತಿದ್ದರೂ ಎಷ್ಟೋ ಸಲ ಗೈರುಹಾಜರಿ ಬಿದ್ದಿದೆ.

ಆದ್ದರಿಂದ ನಾನೂ ನಮ್ಮವರೂ ಮಗ್ಗದ ಆಚೆ ಈಚೆ ನಿಂತು ಕೈಯಲ್ಲೇ ಸಂಸಾರ ಮಾಡಿದೆವು. ಎರಡು ಬೆರಳು ಎತ್ತಿದರೆ ಚಹಾ. ಅಂಗೈ ಮಗುಚಿದರೆ ಊಟ. ಮೂಗು ಮುಟ್ಟಿಕೊಂಡರೆ ಅತ್ತೆ ಬಂದರು, ಸುಮ್ಮನಿರು ಎಂದರ್ಥ. ನಮ್ಮವರು ತೀರಿಹೋದ ಮೇಲೂ ಮಧ್ಯಾಹ್ನವಾದರೆ ನನ್ನ ಎರಡು ಬೆರಳು ತಾವಾಗಿ ಏಳುತ್ತವೆ. ಆಚೆ ಬದಿ ಯಾರೂ ಇರುವುದಿಲ್ಲ. ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಳ್ಳುತ್ತೇನೆ.

ನಮ್ಮದು ಬಾಗಲಕೋಟೆ ಜಿಲ್ಲೆ ಎಂದು ಬಾಯಿಗೆ ರೂಢಿಯಾಗುತ್ತಿದ್ದ ಕಾಲ ಅದು. ದೇಶದ ಮಾರುಕಟ್ಟೆಯ ಬಾಗಿಲು ತೆರೆದಿದೆ ಎಂದು ಟೀವಿಯಲ್ಲಿ ಯಾರೋ ದೊಡ್ಡವರು ಹೇಳುತ್ತಿದ್ದರು. ನಮ್ಮವರು ಉಣ್ಣುವ ತಾಟು ಹಿಡಿದುಕೊಂಡೇ ಟೀವಿಗೆ ಉತ್ತರ ಕೊಟ್ಟರು: "ಬಾಗಲಾ ತೆರದದ್ದು ಖರೆ. ಮಂದಿ ಸೀರಿ ಒಳಗ ಬರಾಕತ್ತಾವು. ನಮ್ಮ ಸೀರಿ ಹೊರಗ ಹೋಗೂದು ಯಾವಾಗಪಾ?" ಟೀವಿ ಮಾತು ಬದಲಿಸಿ ಹವಾಮಾನ ಹೇಳಿತು.

ಒಳಗೆ ಬಂದದ್ದು ಸೂರತ್ ಸೀರೆ. ಹಿಂದೆಯೇ ನೈಟಿಯೂ ಬಂತು. ನೇಕಾರರ ಮನೆಯ ಹೆಂಗಸಾಗಿ ನಾನು ಅದನ್ನು ಬಯ್ಯಬೇಕು. ಆದರೆ ನ್ಯಾಯವಾಗಿ ಹೇಳುತ್ತೇನೆ: ಮುಧೋಳ ಕಡೆ ನದಿಯ ನೀರು ಹರಿದು ಕಬ್ಬು ಬಂದ ಮೇಲೆ, ಇಡೀ ದಿನ ಕೆಸರಿನಲ್ಲಿ ನಿಲ್ಲುವ ಹೆಣ್ಣುಮಗಳಿಗೆ ರಾತ್ರಿ ಒಗೆದರೆ ಬೆಳಗಾಗುವುದರೊಳಗೆ ಒಣಗುವ ಸೀರೆ ದೇವರು ಕೊಟ್ಟಂತೆಯೇ. ನಮ್ಮ ಹತ್ತಿ ಸೀರೆಯೋ, ಗಂಜಿ ಬೇಡುತ್ತದೆ, ಬಿಸಿಲು ಬೇಡುತ್ತದೆ, ಮನೆಗೆ ಬಂದ ಅಳಿಯನ ಹಾಗೆ ಉಪಚಾರ ಕೇಳುತ್ತದೆ. ನೈಟಿಯ ಮಾತಂತೂ ಬೇಡ. ಒಂಬತ್ತು ಗಜದ ಸೀರೆ ಬಿಟ್ಟರೆ ಮಾನ ಹೋಯಿತು ಎನ್ನುತ್ತಿದ್ದ ನಮ್ಮ ಅತ್ತೆ, ಒಂದು ಬೇಸಿಗೆ ಪಕ್ಕದ ಮನೆಯವಳ ನೈಟಿಯನ್ನು ಹಿಡಿದು, ತಿರುವಿ, "ಗಾಳಿ ಛಲೋ ಆಡತೈತಿ ಬಿಡು" ಎಂದಿದ್ದನ್ನು ನಾನೇ ಕೇಳಿದ್ದೇನೆ.

ಆದರೆ ಓಣಿಯ ಸದ್ದು ತೆಳುವಾಗುತ್ತ ಬಂತು. ನಮ್ಮವರು ಕೆಲಸದ ನಡುವೆ ತಟ್ಟನೆ ತಲೆಯೆತ್ತಿ, "ಬಸಣ್ಣನ ಮಗ್ಗ ನಿಂತತು" ಎನ್ನುತ್ತಿದ್ದರು. ಅಷ್ಟು ಸದ್ದಿನಲ್ಲಿ ಒಂದು ಸದ್ದು ಕಡಿಮೆಯಾದದ್ದು ಅವರಿಗೆ ತಿಳಿಯುತ್ತಿತ್ತು. ಅದಾದ ಮೇಲೆ ಗುಜರಿಯ ಹುಸೇನಸಾಬರ ಗಾಡಿ ಬರುತ್ತಿತ್ತು. ಇಷ್ಟು ವರ್ಷ ಮನೆಮಂದಿಗೆ ಅನ್ನ ಕೊಟ್ಟ ಮಗ್ಗ, ಕಬ್ಬಿಣದ ಲೆಕ್ಕದಲ್ಲಿ ತೂಗಿಸಿಕೊಂಡು ಹೋಗುತ್ತಿತ್ತು.

ಒಂದು ದಿನ ನಿಂತದ್ದು ನಮ್ಮದೇ ಮಗ್ಗ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಹಾಸು ಇನ್ನೂ ಅರ್ಧ ಇತ್ತು, ನಮ್ಮವರ ಎದೆ ಮೊದಲು ನಿಂತಿತು.

ದಿನಕರ್ಮ ಮುಗಿಯುವವರೆಗೆ ಮಗ್ಗಕ್ಕೆ ಯಾರೂ ಕೈ ಹಚ್ಚಲಿಲ್ಲ. ಮಾತಾಡಿಸಲು ಬಂದ ನಮ್ಮ ಮಂದಿ ಆ ಮೌನದಲ್ಲೂ ರೂಢಿಯಂತೆ ಕೂಗಿಯೇ ಸಮಾಧಾನ ಹೇಳಿದರು. ದುಃಖದಲ್ಲೂ ನನಗೆ ನಗು ಬಂದು ಸೆರಗು ಬಾಯಿಗಿಟ್ಟುಕೊಂಡೆ. ಅಳುತ್ತಿದ್ದಾಳೆಂದು ಇನ್ನೂ ಜೋರಾಗಿ ಸಮಾಧಾನ ಮಾಡಿದರು.

ಆಮೇಲೆ ಮೈದುನ ಗುರಪ್ಪ ಬಂದು ಕುಳಿತ. ಕೆಟ್ಟವನಲ್ಲ, ಕಾಲ ಬಲ್ಲವನು. "ವೈನಿ, ಮಗ್ಗ ಗುಜರಿಗೆ ಕೊಟ್ಟಬಿಡೂಣು. ಆ ಜಾಗಾದಾಗ ಸೂರತ್ ಸೀರಿ, ನೈಟಿ ಇಟ್ಟ ಅಂಗಡಿ ತೆರಿತೇನಿ. ನೀವು ಗಲ್ಲೇದಾಗ ಕುಂದರ್ರಿ, ಸಾಕು." ಒಳಗಿನಿಂದ ಅತ್ತೆ ಕೂಗಿದರು: "ಹಾಸು ಇರೂ ಮಗ್ಗಕ್ಕ ಕತ್ರಿ ಹಾಕ್ತಿಯೇನಲೇ? ಮುಗೀಲಿ, ಆಮ್ಯಾಲ ಏನರ ಮಾಡು." ಅರ್ಧ ನೇಯ್ದ ಹಾಸನ್ನು ಕತ್ತರಿಸುವುದು ನಮ್ಮ ಮನೆಯಲ್ಲಿ ಉಣ್ಣುವವನ ಮುಂದಿನ ತಾಟು ಕಸಿದ ಹಾಗೆ. ಗುರಪ್ಪ ಒಪ್ಪಿದ. ಹಾಸು ಮುಗಿದ ದಿನ ಗಾಡಿ ತರಲು ಹುಸೇನಸಾಬರಿಗೂ ಹೇಳಿಕಳಿಸಿದ.

ನಮ್ಮಲ್ಲಿ ಮಗ್ಗ ಓಡಿಸುವುದು ಗಂಡಸರು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು, ಹಾಸು ಕೆಚ್ಚುವುದು ಹೆಂಗಸರು. ಕೆಚ್ಚುವುದೆಂದರೆ ಹಳೆಯ ಹಾಸು ತುದಿಗೆ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ತಿರುವಿ ಕೂಡಿಸುವುದು. ಸಾವಿರಾರು ಎಳೆ. ಅದನ್ನು ಜನ್ಮವಿಡೀ ಮಾಡಿದ್ದೆ. ಮಗ್ಗ ಓಡಿಸುವುದನ್ನು ಎದುರು ನಿಂತು ನೋಡಿದ್ದೆ, ಅಷ್ಟೆ. ಗುಂಡಿ ಒತ್ತಿದೆ. ಮೊದಲ ದಿನ ಲಾಳಿ ಜಿಗಿದು ಗೋಡೆಗೆ ಬಡಿಯಿತು. ಎಳೆ ಹರಿದವು, ಕೂಡಿಸಿದೆ. ಮೆಲ್ಲಗೆ ಕೈ ಕುದುರಿತು. ಕುದುರಿದಂತೆಲ್ಲ ಎದೆ ಒಡೆಯತೊಡಗಿತು, ಏಕೆಂದರೆ ನೇಯ್ದಷ್ಟೂ ಅವರ ಹಾಸು ಕರಗುತ್ತಿತ್ತು, ಮುಗಿದ ದಿನ ಗಾಡಿ ಬರುತ್ತಿತ್ತು.

ತುದಿ ಕಂಡ ದಿನ ನಾನು ಹೊಸದೇನೂ ಮಾಡಲಿಲ್ಲ. ಪ್ರತಿ ಸಲ ಮಾಡುತ್ತಿದ್ದುದನ್ನೇ ಮಾಡಿದೆ. ಬೂದಿಯ ಬಟ್ಟಲು ಇಟ್ಟುಕೊಂಡು ಹೊಸ ಹಾಸು ಕೆಚ್ಚಲು ಕುಳಿತೆ.

ಗುರಪ್ಪ ನೋಡಿ ಹೌಹಾರಿದ. "ವೈನಿ, ಇದು ಮೋಸರೀ! ಹಿಂಗ ಕೆಚ್ಚಕೋತ ಹೋದ್ರ ಹಾಸು ಮುಗಿಯೂದು ಯಾವಾಗ?"

ಅತ್ತೆ ನೈಟಿ ಸರಿಮಾಡಿಕೊಂಡು (ಹೌದು, ಅಷ್ಟರಲ್ಲಿ ಅವರೂ ಸೋತಿದ್ದರು) ಹೊರಗೆ ಬಂದರು. "ಯಾವ ಮೋಸಲೇ? ಹಾಸು ಮುಗಿದೈತೇನು? ಕಣ್ಣ ಬಿಟ್ಟ ನೋಡು!"

ಗುರಪ್ಪ ಕಣ್ಣು ಬಿಟ್ಟು ನೋಡಿದ. ಆಮೇಲೆ ಅಂಗಡಿಯನ್ನು ಬೀದಿಯ ಕಡೆಯ ಪಡಸಾಲೆಯಲ್ಲೇ ತೆರೆದ. ಒಳಗೆ ನನ್ನ ಮಗ್ಗ, ಹೊರಗೆ ಅವನ ಸೂರತ್. ನಡುವೆ ಒಂದು ಗೋಡೆ. ನೈಟಿಗಳ ಸಾಲಿನ ತುದಿಗೆ ನಾಚಿಕೆಯಿಂದ ನನ್ನದೂ ಎರಡು ಸೀರೆ ತೂಗುಹಾಕಿದ. ಕಬ್ಬಿನ ಊರುಗಳ ಹೆಂಗಸರು ಬಂದು ದುಡಿಮೆಗೆ ಅವನ ಸೀರೆ ಒಯ್ದರು. ಒಬ್ಬಿಬ್ಬರು, ಸೊಸೆಗೆ ಉಡಿ ತುಂಬಲು ನೂಲಿನ ಸೀರೆಯೇ ಬೇಕೆಂದು ತುದಿಗೆ ಕೈ ಹಾಕಿದರು. ಮೆಲ್ಲಗೆ ಆ ತುದಿ ನಡುವಿಗೆ ಬಂತು.

ಇದಕ್ಕಿಂತ ದೊಡ್ಡದು ಆಮೇಲೆ ಆಯಿತು. ಸೂರತ್‌ನಿಂದ ಗಂಟು ತರುವ ವ್ಯಾಪಾರಿ ಒಮ್ಮೆ ಚಹಾಕ್ಕೆಂದು ಒಳಗೆ ಬಂದವನು ಮಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡಿದ. ತನ್ನ ಹೆಂಡತಿಗೆ ಸೂರತ್ ಸೀರೆ ಉಟ್ಟರೆ ಬೇಸಿಗೆಯಲ್ಲಿ ಮೈ ತುರಿಸುತ್ತದೆ ಎಂದು ನನ್ನದೊಂದು ಸೀರೆ ಕೇಳಿದ! ನಕ್ಕು ನಕ್ಕು ಗುರಪ್ಪನ ಚಹಾ ಚೆಲ್ಲಿತು. ಮರುಸಲ ಬಂದಾಗ ಆ ಹೆಂಡತಿಯ ಅಕ್ಕತಂಗಿಯರಿಗೂ ಬೇಕೆಂದ. ತುಂಬಿ ಬಂದ ಅವನ ಗಾಡಿ ನನ್ನ ಸೀರೆಗಳನ್ನು ಹೊತ್ತು ಓಣಿ ದಾಟುವಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ಟೀವಿ ಕೊಡದ ಉತ್ತರ ಹೊಗೆಯುಗುಳುತ್ತ ರಬಕವಿ ರಸ್ತೆ ಹಿಡಿಯಿತು. ಕೈ ತಾನಾಗಿ ಎದ್ದಿತು, ಎರಡು ಬೆರಳು. ಈ ಸಲ ಕೂದಲು ಸರಿಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ಎರಡು ಕಪ್ ಚಹಾ ಮಾಡಿ ಎರಡನ್ನೂ ನಾನೇ ಕುಡಿದೆ.

ಆ ಚಹಾ ಸೋಸಿದ ಬಟ್ಟೆಯ ಮಾತೂ ಹೇಳಬೇಕು. ಕೆಚ್ಚಿದ ಜಾಗದಲ್ಲಿ ಗೇಣುದ್ದ ಬಟ್ಟೆ ಗಂಟುಗಂಟಾಗಿರುತ್ತದೆ, ಮಾರಲು ಬಾರದು. ಇದು ನಮ್ಮವರು ಹೋದ ಮೇಲೆ ನಾನು ಮೊದಲ ಸಲ ಕೆಚ್ಚಿದ್ದು: ಅತ್ತ ಅವರ ಎಳೆ, ಇತ್ತ ನನ್ನವು. ಪೆಟ್ಟಿಗೆಯಲ್ಲಿ ಮಡಿಸಿಟ್ಟರೆ ನುಸಿ ತಿನ್ನುತ್ತದೆ. ಚಹಾ ಸೋಸಿದರೆ ದಿನಾ ಕೈಯಲ್ಲಿರುತ್ತದೆ.

ಹುಸೇನಸಾಬರು ಇನ್ನೂ ಬರುತ್ತಾರೆ. ಬಾಗಿಲಲ್ಲಿ ಗಾಡಿ ನಿಲ್ಲಿಸಿ ನಗುತ್ತ ಕೇಳುತ್ತಾರೆ: "ಮುಗೀತೇನವ್ವಾ ಹಾಸು?"

ಮಗ್ಗದ ಸದ್ದಿನಲ್ಲಿ ಕೈಸನ್ನೆ ಮಾಡಿದರೆ ಸಾಕಾಗಿತ್ತು. ಆದರೆ ನಾನೂ ಈಗ ಈ ಊರಿನವಳು. ಮೂರು ಓಣಿಗೆ ಕೇಳುವಂತೆ ಕೂಗುತ್ತೇನೆ: "ಇನ್ನೂ ಐತ್ರೀ ಸಾಬ್ರ! ಮುಂದಿನ ಅಮಾಸಿಗಿ ಬರ್ರಿ!"