ಅಸಾಧಾರಣಳೆಂದು ಒಪ್ಪಿಸಿದ ಪ್ರಸಂಗ

2024ರಲ್ಲಿ ನಾನು ನಿವೃತ್ತನಾಗಿ ಶಿರಸಿಗೆ ಬಂದೆ. ಮುಂಬೈಯ ವಕೀಲರ ಕಚೇರಿಯೊಂದರಲ್ಲಿ ಅಮೆರಿಕದ ಕೆಲಸದ ವೀಸಾ ಅರ್ಜಿಗಳನ್ನು ಸಿದ್ಧಪಡಿಸುವುದು ನನ್ನ ವೃತ್ತಿಯಾಗಿತ್ತು. ಪರರನ್ನು ಸಾಗರ ದಾಟಿಸಿ ತಾನು ಈ ದಡದಲ್ಲೇ ಉಳಿಯುವ ಅಂಬಿಗನ ಪುಣ್ಯಕಾರ್ಯ. ಇನ್ನು ಯಾರ ಅರ್ಜಿಯನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೆ. ಸಿದ್ದಾಪುರದ ವೀಣಾ ಮನೆಗೆ ಬರುವವರೆಗೆ ಅದು ಊರ್ಜಿತದಲ್ಲಿತ್ತು.

ವೀಣಾ ಕೃತಕ ಕಾಲುಗಳ ಎಂಜಿನಿಯರ್. ಇಳಿಜಾರಿನಲ್ಲಿ ಜಾರದ, ಕೆಸರು ಹೊಕ್ಕರೂ ಸಿಕ್ಕಿಕೊಳ್ಳದ ಮೊಣಕಾಲಿನ ಕೀಲೊಂದನ್ನು, ಅಮೆರಿಕಕ್ಕೆ ಓದಲು ಹೋಗುವ ಮೊದಲೇ ಊರಿನಲ್ಲಿ ರೂಪಿಸಿದ್ದಳು. ಅದನ್ನು ಮಕ್ಕಳ ಅಳತೆಗೆ ತರುವ ಕೆಲಸವನ್ನು ಅಮೆರಿಕದ ಸಣ್ಣ ಕಂಪನಿಯೊಂದು ಅವಳಿಗೇ ವಹಿಸಿತ್ತು. ಅಷ್ಟರಲ್ಲಿ, ಅಲ್ಲಿ ಓದಿದವರಿಗೆ ಸಿಗುವ ಕೆಲಸದ ಅವಧಿ ಮುಗಿಯಿತು. ಎಚ್-1ಬಿ ವೀಸಾಕ್ಕೆ ಲಾಟರಿ. ಅದರಲ್ಲಿ ಹೆಸರು ಬರಲೇ ಇಲ್ಲ. ಅರೆಬರೆಯಾದ ಮಕ್ಕಳ ಕೀಲನ್ನು ಅಲ್ಲೇ ಬಿಟ್ಟು ಊರಿಗೆ ಬಂದಿದ್ದಳು. ವರ್ಷಾಂತ್ಯದೊಳಗೆ ಅವಳು ಮರಳದಿದ್ದರೆ ಆ ಕೆಲಸವನ್ನೇ ಕೈಬಿಡುವುದಾಗಿ ಕಂಪನಿ ತಿಳಿಸಿತ್ತು.

ಬೇರೆ ದಾರಿಗಳನ್ನು ನೋಡಿದೆ. ಕಂಪನಿಗೆ ಹೊರದೇಶದಲ್ಲಿ ಶಾಖೆಯಿದ್ದರೆ ಅಲ್ಲಿ ದುಡಿದು ವರ್ಗವಾಗಿ ಹೋಗಬಹುದಿತ್ತು; ಶಾಖೆ ಇರಲಿಲ್ಲ. ಉಳಿದದ್ದು ಓ-1, ಅಂದರೆ 'ಅಸಾಧಾರಣ ಸಾಮರ್ಥ್ಯ'ದವರ ವೀಸಾ. ಅದಕ್ಕೆ ಲಾಟರಿಯಿಲ್ಲ. ಆದರೆ ತನ್ನ ಕ್ಷೇತ್ರದ ಮೊದಲ ಸಾಲಿನವರಲ್ಲಿ ತಾನೊಬ್ಬಳೆಂದು ಪುರಾವೆ ಸಹಿತ ಸ್ಥಾಪಿಸಬೇಕು.

ನಮ್ಮ ಸೀಮೆಯವರಿಗೆ ಇದಕ್ಕಿಂತ ಕ್ರೂರವಾದ ಷರತ್ತನ್ನು ಯಾವ ಸರಕಾರವೂ ವಿಧಿಸಲಾರದು.

"ಈ ಕೀಲು ಮಾಡಿದ್ದು ಯಾರೆ, ತಂಗಿ?" ಎಂದು ವೀಣಾಳನ್ನು ಕೇಳಿದೆ.

"ಯಂಗ ಎಲ್ಲ ಸೇರಿ ಮಾಡಿದ್ದು, ಮಾವ. ಆನು ಅಂಥದ್ದೆಂತ ಮಾಡಿದ್ನಿಲ್ಲೆ."

"ನಕ್ಷೆ ಯಾರದ್ದು?"

"ಎನ್ನದೇಯ."

"ಅಚ್ಚು?"

"ಅದೂ ಎನ್ನದೇಯ."

"ಮತ್ತೆ ಉಳದವು ಎಂತ ಮಾಡಿದ್ದ?"

"ಚಾ ಕುಡಿಯಕಾದ್ರೆ ಎಲ್ಲ ಇರ್ತಿದ್ದ."

ಪಕ್ಕದಲ್ಲಿದ್ದ ಅವಳ ಆಯಿ, ಅಂದರೆ ತಾಯಿ, ಎಚ್ಚರಿಸಿದರು: "ಸಾಕೆ ಕೂಸೆ, ಅಷ್ಟೆಲ್ಲ ಹೇಳ್ಕಳಡ. ದೃಷ್ಟಿ ಆಗ್ತು."

ಆ ಕೀಲನ್ನು ಮೊದಲು ರೋಗಿಗಳಿಗೆ ಹಾಕಿ ಪರೀಕ್ಷಿಸಿದವರು ಶಿರಸಿಯ ನಿವೃತ್ತ ಮೂಳೆ ಡಾಕ್ಟರು. ಅವರ ಅಭಿಪ್ರಾಯ ಬೇಕಾಗಿತ್ತು. ಕೊಟ್ಟರು: ಹುಡುಗಿಗೆ ಶ್ರದ್ಧೆ ಇದೆ, ಕೀಲು ಅಡ್ಡಿಯಿಲ್ಲ. ಇವರಿಗೂ ಹುಡುಗಿಗೂ ಏನಾದರೂ ವೈರವಿದೆಯೇ ಎಂದು, ಕಂಪನಿಯ ಪರವಾಗಿ ಅರ್ಜಿ ಹಾಕುತ್ತಿದ್ದ ಅಮೆರಿಕದ ವಕೀಲೆ ಫೋನಿನಲ್ಲಿ ಕೇಳಿದಳು. ಶಿರಸಿಯಲ್ಲಿ 'ಅಡ್ಡಿಯಿಲ್ಲ'ಕ್ಕಿಂತ ದೊಡ್ಡ ಬಿರುದಿಲ್ಲವೆಂದು ಅವಳಿಗೆ ಮನವರಿಕೆ ಮಾಡಲು ನನ್ನ ಇಂಗ್ಲಿಷು ಸಾಲಲಿಲ್ಲ.

ಡಾಕ್ಟರಿಗೆ ತಾಳಮದ್ದಲೆಯ ಹುಚ್ಚು. ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ, ಅಂದರೆ 'ಅರ್ಥ ಹೇಳುವ' ಆ ಕಲೆಯಲ್ಲಿ ಅವರು ರಾಜನಾದರೆ, ಭಾಗವತರು ತಾಳ ಕುಟ್ಟಿ ನಿಲ್ಲಿಸುವವರೆಗೂ ತಮ್ಮನ್ನು ಹೊಗಳಿಕೊಳ್ಳುತ್ತಾರೆ. ಎದ್ದ ಮೇಲೆ "ಎಂಗೆ ಮಾತಾಡಲೆ ಬತ್ತಿಲ್ಲೆ" ಎನ್ನುತ್ತಾರೆ. ವೀಣಾಳೊಂದಿಗೆ ಅವರ ಮನೆಗೆ ಹೋಗಿ ಎದುರು ಕುಳಿತೆ.

"ಡಾಕ್ಟ್ರೇ, ಆನು ವೀಸಾ ಅಧಿಕಾರಿ. ಈ ಕೂಸು ಬರೀ ಸಾಮಾನ್ಯ ಹೇಳ್ತೆ. ನಿಂಗ ಕೂಸಿನ ಪಕ್ಷ. ಅರ್ಥ ಹೇಳಿ ನೋಡನ."

ಡಾಕ್ಟರು ಶಾಲು ಸರಿಪಡಿಸಿಕೊಂಡರು.

"ಎಲೈ ಅಧಿಕಾರಿಯೆ! ಯಲ್ಲಾಪುರದ ಕಡೆಯಲ್ಲಿ ದಿಮ್ಮಿ ಉರುಳಿ ಕಾಲು ಕಳೆದುಕೊಂಡವನು ಚಂದಗುಳಿಯ ಗಣಪತಿಯ ಗುಡಿಗೆ ನಡೆದುಹೋಗಿ ಹರಕೆಯ ಗಂಟೆ ಕಟ್ಟಿದನಲ್ಲ, ಯಾರ ಕೀಲಿನ ಬಲದಿಂದ? ಪೇಟೆಯ ಕೀಲುಗಳು ಮೊದಲ ಮಳೆಗೇ ಶರಣಾದಾಗ, ಅವನ ಬೆನ್ನಹಿಂದೆ ಕೆಸರಿನಲ್ಲಿ ನಡೆದು ದೋಷ ಹುಡುಕಿದವಳು ಯಾರು? ಒಳಗಿನ ಸ್ಪ್ರಿಂಗನ್ನು ನನ್ನ ಸಲಹೆಯಂತೆ ಬದಲಿಸಿ…"

ಇಷ್ಟು ಹೊತ್ತು ನೆಲ ನೋಡುತ್ತಿದ್ದ ವೀಣಾ ತಲೆಯೆತ್ತಿದಳು. "ಅಲ್ಲ ಡಾಕ್ಟ್ರೇ! ಸ್ಪ್ರಿಂಗು ಬೇಡ ಹೇಳಿದ್ದು ನಿಂಗ. ಹಟ ಮಾಡಿ ಹಾಕಿದ್ದು ಆನು!"

"ಹಾಂ, ಅದನ್ನೇ ಬರಿ," ಎಂದು ವೀಣಾಳಿಗೆ ಹೇಳಿದೆ.

ಅರ್ಥಗಾರಿಕೆಯ ಅಲಂಕಾರಗಳನ್ನೆಲ್ಲ ಕಳಚಿದೆ. ಉಳಿದ ಪ್ರತಿ ಮಾತಿಗೂ ಪುರಾವೆ ಕೇಳಿದೆ. ಸಿಗದ ಮಾತನ್ನು ಹೊಡೆದುಹಾಕಿದೆ. ಡಾಕ್ಟರು, ಸ್ಪ್ರಿಂಗಿನ ವಿಷಯದಲ್ಲಿ ಸೋತವರು ತಾವೇ ಎಂದು ಗಂಭೀರವಾಗಿ ಬರೆದುಕೊಟ್ಟರು. ಅಮೆರಿಕದವರು ಇನ್ನಷ್ಟು ಪುರಾವೆ ಕೇಳಿದರು, ಕಳಿಸಿದೆವು. ವರ್ಷ ಮುಗಿಯುವ ಮೊದಲೇ ಅರ್ಜಿ ಮಂಜೂರಾಯಿತು. ಚೆನ್ನೈಯ ಅಮೆರಿಕ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನವೂ ಆಯಿತು.

ಅರ್ಜಿಯಲ್ಲಿ ಸುಳ್ಳು ಬರೆಯಬಾರದೆಂಬುದನ್ನು ವೃತ್ತಿಯ ಮೊದಲ ವಾರದಲ್ಲೇ ಕಲಿತಿದ್ದೆ. ನಿಜವನ್ನು ನುಂಗಬಾರದೆಂಬುದನ್ನು ಕಲಿಯಲು ನಿವೃತ್ತನಾಗಬೇಕಾಯಿತು. ನಮ್ಮ ವಿನಯ ನಮ್ಮ ಪಂಕ್ತಿಯಲ್ಲಿ ಬಡಿಸುವವರಿಗೆ ಅರ್ಥವಾಗುತ್ತದೆ. ಹೊರಗಿನವನು ಬೇಡವೆಂದರೆ ಬೇಡವೆಂದೇ ತಿಳಿದು ಮುಂದೆ ಹೋಗುತ್ತಾನೆ.

ಚೆನ್ನೈಯಿಂದ ವೀಣಾ ಫೋನ್ ಮಾಡಿದ್ದಳು.

"ಕೀಲು ಮಾಡಿದ್ದು ಯಾರು ಹೇಳಿ ಕೇಳಿದ, ಮಾವ. ಆನೇ ಅಂದಿ."

"ಆಮೇಲೆ?"

"ಆಮೇಲೆ ಒಂದ್ಸಲ ಹಿಂದೆ ತಿರುಗಿ ನೋಡ್ದಿ. ಆಯಿ ನಿಂತಿದ್ದೇನೋ ಹೇಳಿ."