ಪೂರಾ ವಿಡಿಯೋ

ಸುಜಾತಾಳ ಗಂಟಲು ಮೊದಲಿನಿಂದಲೂ ದೊಡ್ಡದು. ಕಮಲಾಪುರದ ಓಣಿಯಲ್ಲಿ ನಿಂತು ತಮ್ಮನನ್ನು ಊಟಕ್ಕೆ ಕರೆದರೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತವರೂ ತಿರುಗಿ ನೋಡುತ್ತಿದ್ದರು. “ಹೆಣ್ಣಮಗಳ ದನಿ ಹಿಂಗಿರಬಾರದವ್ವಾ” ಎಂದು ತಾಯಿ ಹಣಮಮ್ಮ ಗದರುತ್ತಿದ್ದಳು. ಪತ್ರಿಕೋದ್ಯಮ ಓದಲು ಕಲಬುರಗಿಗೆ ಬಂದ ಮೇಲೆ ಆ ಗಂಟಲಿಗೊಂದು ಕೆಲಸ ಸಿಕ್ಕಿತು. ಹಾಕಿ ಪಂದ್ಯಗಳನ್ನು ಫೋನಿನಲ್ಲಿ ಲೈವ್ ತೋರಿಸುತ್ತ, ಮೈದಾನದ ಅಂಚಿಗೆ ನಿಂತು, ತನ್ನೂರಿನ ಮಾತಿನಲ್ಲೇ ಆಟ ಹೇಳುವ ಕೆಲಸ. ಯಾರೂ ಕೊಟ್ಟದ್ದಲ್ಲ, ಅವಳೇ ಮಾಡಿಕೊಂಡದ್ದು.

ಹೈಸ್ಕೂಲಿನಲ್ಲಿ ಅವಳೂ ಆಡಿದವಳು. ಕಾಲೇಜಿಗೆ ಬಂದಾಗ ತಂಡ ಕಟ್ಟುವಷ್ಟು ಹುಡುಗಿಯರು ಸೇರಲಿಲ್ಲ. ಅವಳ ಸ್ಟಿಕ್ಕು ತಮ್ಮ ಪ್ರಬುದ್ಧನ ಕೈಗೆ ಹೋಯಿತು. ಅದನ್ನು ಹಿಡಿಯಲು ಕಲಿಸಿದವಳೂ ಅವಳೇ. ತಂದೆ ದೇವಿಂದ್ರಪ್ಪ ಶಾಲೆಯೊಂದರಲ್ಲಿ ಜವಾನ, ಹಣಮಮ್ಮ ಬಾಳೆ ತೋಟಗಳಿಗೆ ಕೂಲಿಗೆ ಹೋಗುವವಳು. ಇಬ್ಬರಿಗೂ ಆಟದ ನಿಯಮ ತಿಳಿಯದು. ಮಗ ಓಡುತ್ತಾನೆ, ಮಗಳು ಕೂಗುತ್ತಾಳೆ ಎಂಬುದಷ್ಟೇ ಗೊತ್ತು. ಆದರೂ ಪಂದ್ಯವಿದ್ದ ದಿನ ಫೋನನ್ನು ಗೋಡೆಗೆ ಆನಿಸಿಟ್ಟು ಇಬ್ಬರೂ ಅದರ ಮುಂದೆ ಕೂಡುತ್ತಿದ್ದರು.

‘ಮಣ್ಣಿನ ಹಾಕಿ’ ಎಂದು ಅವಳು ತನ್ನ ಪೇಜಿಗೆ ಹೆಸರಿಟ್ಟಿದ್ದಳು. ಈ ಹುಡುಗರು ಆಡುತ್ತಿದ್ದದ್ದು ಹಸಿರು ಹಾಸಿನ ಮೇಲಲ್ಲ, ಕೆಂಧೂಳಿನಲ್ಲಿ. “ನೋಡ್ರಿ, ಬಾಲ್ ಅವನ ಮಾತ ಹ್ಯಾಂಗ ಕೇಳಾಕತ್ತದ” ಎಂದು ಅವಳು ಹೇಳುವಾಗ ಆಟ ಗೊತ್ತಿಲ್ಲದವರೂ ನಿಂತು ನೋಡುತ್ತಿದ್ದರು. ದುಬೈಯಲ್ಲಿ ದುಡಿಯುವ, ಕಲಬುರಗಿಯ ಮೋಮಿನಪುರದ ಹುಡುಗರು ಡ್ಯೂಟಿಯ ನಡುವೆಯೂ ನೋಡಿ ಸಲಾಂ ಹೇಳುತ್ತಿದ್ದರು. ಪತ್ರಿಕೋದ್ಯಮ ವಿಭಾಗದಲ್ಲಿ ಪಾಠ ಹೇಳುವ ಸಿದ್ದಣ್ಣ ಸರ್ ಮಾತ್ರ, “ಆಟ ಹೇಳೋದು ಛಲೋ ಅದವ್ವಾ. ಆದ್ರ ಸುದ್ದಿ ಬರಿಯೋದು ಬ್ಯಾರೆ” ಎನ್ನುತ್ತಿದ್ದರು. ಅವಳು ನಕ್ಕು, “ಎರಡೂ ಒಂದೇ ರೀ ಸರ್, ಕಂಡಿದ್ದು ಹೇಳೋದು” ಎನ್ನುತ್ತಿದ್ದಳು.

ಅಕ್ಕನ ಹಿಂದೆಯೇ ಕಲಬುರಗಿಗೆ ಓದಲು ಬಂದ ಪ್ರಬುದ್ಧ ಅಲ್ಲಿನ ಒಂದು ಕ್ಲಬ್ಬಿನ ಡಿಫೆಂಡರ್. ಓಟದಲ್ಲಿ ಗಾಳಿ, ನಾಟಕದಲ್ಲಿ ಅದಕ್ಕಿಂತ ಒಂದು ಕೈ ಮೇಲು. ತನ್ನ ತಂಡ ಮುಂದಿದ್ದಾಗ ಸ್ಟಿಕ್ಕು ತುಸು ತಗುಲಿದರೂ ಸಾಕು, ಕಾಲು ಮುರಿದವನಂತೆ ಹೊರಳಾಡಿ ಹೊತ್ತು ಕಳೆಯುತ್ತಿದ್ದ. ಅಂಪೈರ್ ಬಂದು ಬೈದ ಮೇಲೆ ಎದ್ದು, ಅಕ್ಕ ಫೋನಿಟ್ಟ ಕಡೆಗೊಮ್ಮೆ ಕಣ್ಣು ಹೊಡೆದು ಓಡುತ್ತಿದ್ದ. ನೋಡುವವರು ಅದಕ್ಕಾಗಿಯೇ ಕಾಯುತ್ತಿದ್ದರು.

ಅವನ ಜೀವದ ಗೆಳೆಯ ಫುರ್ಕಾನ್. ಮೋಮಿನಪುರದಲ್ಲಿ ಸ್ಟೋವು, ಕುಕ್ಕರು ರಿಪೇರಿ ಮಾಡುವವರ ಮಗ. ಆಡುವುದು ಅಲ್ಲಿಯದೇ ಕ್ಲಬ್ಬಿಗೆ, ಪ್ರಬುದ್ಧನ ತಂಡಕ್ಕೆ ಎದುರಾಳಿ. ಎದುರಿನವರು ಗೋಲಿನ ಹತ್ತಿರ ತಪ್ಪಿ ಪೆನಾಲ್ಟಿ ಕಾರ್ನರ್ ಸಿಕ್ಕರೆ ಗೋಲಿಗೆ ಹೊಡೆಯುವವನು ಅವನೇ. ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎತ್ತಿ ಎಸೆದನೆಂದರೆ ಗೋಲ್‌ಕೀಪರನಿಗೆ ಸದ್ದು ಮಾತ್ರ ಕೇಳುತ್ತಿತ್ತು. ಭಾನುವಾರ ಪ್ರಬುದ್ಧನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಮಲಾಪುರಕ್ಕೆ ಬಂದರೆ, ಹಣಮಮ್ಮನ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ಒಂದೊಂದಾಗಿ ಇಳಿದ ಹಾಗೆ ತಿನ್ನುತ್ತಿದ್ದ. ಸುಜಾತಾ ಅವನಿಗೂ ಅಕ್ಕನೇ, ಅವನು ಕರೆಯುತ್ತಿದ್ದದ್ದು ‘ಆಪಾ’ ಎಂದು.

ಜನವರಿಯ ಒಂದು ಸಂಜೆ ಆ ಎರಡು ತಂಡಗಳಿಗೇ ಸೆಮಿಫೈನಲ್ ಬಿತ್ತು. ಸುಜಾತಾ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಗೋಲಿನ ಪಕ್ಕಕ್ಕೆ ನಿಲ್ಲಿಸಿದ್ದಳು. ಆಟ ಮುಗಿಯಲು ಬಂದಿತ್ತು, ಪ್ರಬುದ್ಧನ ತಂಡ ಒಂದು ಗೋಲು ಮುಂದಿತ್ತು. ಆಗ ಮೋಮಿನಪುರದವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. “ಈಗ ನೋಡ್ರಿ ಮಜಾ. ಹೊಡ್ಯಾವ ಫುರ್ಕಾನ್, ತಡ್ಯಾಕ ಮೊದಲು ಓಡಾವ ನಮ್ಮ ಪ್ರಬುದ್ಧ. ಇಬ್ರೂ ಒಂದ ತಾಟಿನ್ಯಾಗ ಉಂಡೋರು” ಎಂದಳು.

ಚೆಂಡು ಒಳಬಂತು. ಪ್ರಬುದ್ಧ ಗೋಲಿನ ಗೆರೆ ಬಿಟ್ಟು ನೇರ ಓಡಿದ. ಫುರ್ಕಾನ್ ಎತ್ತಿ ಎಸೆದ ಚೆಂಡು ಅವನ ಎದೆಯ ಎಡಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಅವನು ಇನ್ನೂ ಎರಡು ಹೆಜ್ಜೆ ಇಟ್ಟು, ಮೊಣಕಾಲೂರಿ, ಮುಖ ಅಡಿಯಾಗಿ ಬಿದ್ದ.

ಸುಜಾತಾ ನಕ್ಕಳು. ಜೋರಾಗಿಯೇ ನಕ್ಕಳು. “ಏನೂ ಆಗಿಲ್ರಿ, ಏಳ್ತಾನ. ಇನ್ನ ಐದು ಮಿನಿಟ ಹೊತ್ತು ಕಳೀಬೇಕಲ್ಲ ಅವ್ನಿಗಿ. ಏಳ್ತಾನ, ಏಳ್ತಾನ, ತಡೀರಿ.”

ಅವನು ಏಳಲಿಲ್ಲ. ಸ್ಟಿಕ್ಕು ಬಿಸಾಡಿ ಮೊದಲು ಓಡಿ ಬಂದವನು ಫುರ್ಕಾನ್. ಅವನು ಪ್ರಬುದ್ಧನನ್ನು ಅಂಗಾತ ಹೊರಳಿಸಿದಾಗ ಮುಖಕ್ಕೆ ಹತ್ತಿದ ಧೂಳು ಒರೆಸಿಕೊಳ್ಳಲು ಅವನ ಕೈ ಏಳದ್ದನ್ನು ಸುಜಾತಾ ದೂರದಿಂದಲೇ ಕಂಡಳು. ಆಮೇಲೆ ಅವಳು ಓಡಿದ್ದು ಅವಳಿಗೆ ನೆನಪಿಲ್ಲ. ಫುರ್ಕಾನ್ ಗೆಳೆಯನ ಎದೆ ಒತ್ತುತ್ತ ಆಂಬುಲೆನ್ಸ್, ಆಂಬುಲೆನ್ಸ್ ಎಂದು ಕೂಗುತ್ತಿದ್ದ. ಪಂದ್ಯ ನಡೆಸಿದವರು ಆಂಬುಲೆನ್ಸನ್ನೇ ಕರೆಸಿರಲಿಲ್ಲ. ಕಡೆಗೆ ಅವನೇ ಪ್ರಬುದ್ಧನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ಓಡಿ ಆಟೋ ನಿಲ್ಲಿಸಿದ. ಸೇಡಂ ರಸ್ತೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಡಿತದ ನಡುವಿನ ಒಂದು ಗಳಿಗೆಯಲ್ಲಿ ಎದೆಗೆ ಹೀಗೆ ಪೆಟ್ಟು ಬಿದ್ದರೆ ಗಟ್ಟಿಮುಟ್ಟಾದ ಹೃದಯವೂ ನಿಂತುಬಿಡುತ್ತದೆ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು.

ಮೈದಾನದಿಂದ ಯಾರೋ ಅವಳ ಫೋನು ತಂದು ಕೊಟ್ಟರು. ಲೈವ್ ಇನ್ನೂ ನಡೆದೇ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವಳು ಅದನ್ನು ನಿಲ್ಲಿಸಿದಳು, ಪೇಜಿನಿಂದ ಅಳಿಸಿಯೂ ಹಾಕಿದಳು. ಅದಾದ ಮೇಲೆ ಕಮಲಾಪುರಕ್ಕೆ ಫೋನ್ ಹಚ್ಚಿದಳು. ಆ ಕಡೆ ಅಪ್ಪ “ಹಲೋ” ಅನ್ನಲಿಲ್ಲ. “ಹೊಂಟೀವವ್ವಾ” ಎಂದಷ್ಟೇ ಹೇಳಿದ.

ಮಣ್ಣು ಮಾಡಿ ಬಂದ ಮರುದಿನ ಮತ್ತೊಂದು ಶುರುವಾಯಿತು. ಲೈವ್ ನಡೆದಾಗ ಯಾರೋ ಅದನ್ನು ತಮ್ಮ ಫೋನಿನಲ್ಲಿ ಹಿಡಿದಿಟ್ಟಿದ್ದರು. ಫುರ್ಕಾನ್ ಹೊಡೆಯುವುದು, ಪ್ರಬುದ್ಧ ಬೀಳುವುದು, ಇಷ್ಟನ್ನೇ ಕತ್ತರಿಸಿ, ದನಿ ತೆಗೆದು, ಹಿಂದೆ ಒಂದು ಸಂಗೀತ ಸೇರಿಸಿ ಬಿಟ್ಟಿದ್ದರು. ಮೇಲೆ ಬರಹ: ಮೋಮಿನಪುರದವನು ಬೇಕೆಂದೇ ಎದೆಗೆ ಹೊಡೆದು ಕೊಂದ. ಸಂಜೆಯೊಳಗೆ ಅದು ಎಲ್ಲರ ಫೋನಿನಲ್ಲಿತ್ತು. ಒಂದು ಚಾನೆಲ್ ಅದನ್ನು ದಿನವಿಡೀ ತಿರುಗಿಸಿತು. ಫುರ್ಕಾನನ ಅಪ್ಪನ ಅಂಗಡಿಗೆ ಕಲ್ಲು ಬಿದ್ದವು, ಶಟರ್ ಮುಚ್ಚಿತು.

ಕಮಲಾಪುರದ ಮನೆಗೆ ಗುರುತು ಪರಿಚಯ ಇಲ್ಲದವರು ಗಾಡಿ ಮಾಡಿಕೊಂಡು ಬಂದರು. ಅದೇ ಊರಿನವರಾಗಿದ್ದೂ ಎಂದೂ ಆ ಓಣಿಗೆ ಕಾಲಿಡದವರೂ ಅವರ ಜೊತೆ ಇದ್ದರು. “ಕೊಲೆ ಅಂತ ಕಂಪ್ಲೇಂಟ್ ಕೊಡ್ರಿ, ನಿಮ್ಮ ಬೆನ್ನಿಗಿ ನಾವ ಅದೀವಿ” ಎಂದರು. ದೇವಿಂದ್ರಪ್ಪ ತಲೆ ತಗ್ಗಿಸಿ ಕುಳಿತ. ಹಣಮಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಆ ದಿನವೇ ಫುರ್ಕಾನ್ ಫೋನ್ ಮಾಡಿದ. ದನಿ ಅವನದಾಗಿರಲಿಲ್ಲ. “ಆಪಾ, ಖುದಾ ಕಸಂ, ಬೇಕಂತ ಹೊಡ್ದಿಲ್ಲ. ಮಂದಿ ಏನರ ಅನ್ಲಿ. ನೀವ್ ನಂಬ್ರಿ, ಸಾಕ್ ನನಗ.”

ಅವನು ಬೇಕೆಂದೇ ಹೊಡೆದಿಲ್ಲ ಎಂಬುದು ಸುಜಾತಾಳಿಗೆ ಗೊತ್ತಿದ್ದಷ್ಟು ಸ್ಪಷ್ಟವಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಒಳಗೆಲ್ಲೋ ಒಂದು ಮುಳ್ಳು ಆಡುತ್ತಿತ್ತು: ಅಷ್ಟು ಎತ್ತರಕ್ಕೆ ಯಾಕೆ ಎತ್ತಿದೆ? ತುಸು ಕೆಳಗೆ ಹೊಡೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅದನ್ನು ಬಾಯಿಬಿಟ್ಟು ಕೇಳಿಯೇನೆಂದು ಹೆದರಿ ಅವಳು ಫೋನ್ ಇಟ್ಟುಬಿಟ್ಟಳು. ಅವನು ಮತ್ತೆ ಮಾಡಲಿಲ್ಲ.

ಮರುದಿನ ಸಿದ್ದಣ್ಣ ಸರ್ ಬಸ್ಸು ಹಿಡಿದು ಮನೆಗೇ ಬಂದರು. ಸಮಾಧಾನದ ಮಾತು ಅವರಿಗೆ ಬಾರದು. ಹೊರಡುವಾಗ ಅಂಗಳದಲ್ಲಿ ನಿಂತು ಮೆಲ್ಲಗೆ ಕೇಳಿದರು: “ಪೂರಾ ವಿಡಿಯೋ ನಿನ್ನ ಹಂತ್ಯಾಕ ಅದ ಏನವ್ವಾ?”

“ಅದ ರೀ ಸರ್. ಫೋನಿನ್ಯಾಗ ಉಳದದ.”

“ಹಾಕು ಅಂತ ನಾ ಅನ್ನಂಗಿಲ್ಲ. ಹೆಂಗ ಅನ್ನಲಿ. ಆದ್ರ ಆ ಹುಡುಗನ್ನ ಉಳಸೋದು ಬ್ಯಾರೆ ಏನೂ ಉಳದಿಲ್ಲ. ಪೊಲೀಸ್ರಿಗಷ್ಟ ಕೊಟ್ರ ಕೇಸ್ ಆಗಂಗಿಲ್ಲ ಖರೆ. ಓಣಿ ಮಂದಿ ಬಾಯಿ ನಿಲ್ಲಂಗಿಲ್ಲ.”

ಅವಳು ಹಿತ್ತಲಿಗೆ ಹೋಗಿ ಫೋನು ತೆಗೆದಳು. ಪೂರ್ತಿ ನೋಡಿದ್ದು ಅದೇ ಮೊದಲು. ಎಲ್ಲವೂ ಇತ್ತು ಅದರಲ್ಲಿ. ಪ್ರಬುದ್ಧ ತಾನಾಗಿ ಚೆಂಡಿನ ದಾರಿಗೆ ನುಗ್ಗಿದ್ದು, ಚೆಂಡು ಬಡಿದ ಕೂಡಲೇ ಫುರ್ಕಾನ್ ತಲೆಯ ಮೇಲೆ ಕೈ ಹೊತ್ತದ್ದು, ಅವನು ಎದೆ ಒತ್ತಿದ್ದು, ಎತ್ತಿಕೊಂಡು ಓಡಿದ್ದು. ನಡುವೆ ಅವಳ ನಗುವೂ ಇತ್ತು. ಸ್ಟ್ಯಾಂಡಿನ ಹತ್ತಿರವೇ ನಿಂತವಳಾದ್ದರಿಂದ ಉಳಿದೆಲ್ಲ ಸದ್ದಿಗಿಂತ ಅದೇ ದೊಡ್ಡದಾಗಿ ಕೇಳುತ್ತಿತ್ತು. ಏಳ್ತಾನ, ಏಳ್ತಾನ, ತಡೀರಿ.

ದನಿ ತೆಗೆದು ಹಾಕೋಣವೆಂದು ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ದನಿ ತೆಗೆದರೆ ಇದನ್ನೂ ಕತ್ತರಿಸಿದ್ದಾರೆ ಎನ್ನುತ್ತಾರೆ. ಕತ್ತರಿಸಿದ ವಿಡಿಯೋಗೆ ಇನ್ನೊಂದು ಕತ್ತರಿಸಿದ ವಿಡಿಯೋ ಉತ್ತರವಾಗದು. ಹಾಕಿದರೆ ಎಲ್ಲವನ್ನೂ ಹಾಕಬೇಕು.

ಒಳಗೆ ಬಂದು ಅಪ್ಪ ಅವ್ವನ ಮುಂದೆ ಕುಳಿತು ವಿಷಯ ಹೇಳಿದಳು. ದೇವಿಂದ್ರಪ್ಪ ಎದ್ದು ಹೊರಗೆ ಹೋದ. “ನನಗ ಮತ್ತೊಮ್ಮಿ ನೋಡಾಕ ಆಗಂಗಿಲ್ಲ. ನಿಮ್ಮವ್ವ ಹೇಳಿದಂಗ ಮಾಡು” ಎಂದು ಬಾಗಿಲಾಚೆಯಿಂದ ಹೇಳಿದ. ಹಣಮಮ್ಮ ಕೈಚಾಚಿ ಫೋನು ಇಸಿದುಕೊಂಡಳು. ಮಗ ಓಡುವುದನ್ನು ನೋಡಿದಳು, ಬೀಳುವುದನ್ನು ನೋಡಿದಳು. ವಿಡಿಯೋದಲ್ಲಿ ತನ್ನ ನಗು ಕೇಳಿದಾಗ ಸುಜಾತಾ ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

“ಅವ್ವಾ, ಅವ ಸಾಯಾಕತ್ತಿದ್ದ. ನಾ ನಗಾಕತ್ತಿದ್ದೆ.”

ಹಣಮಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನಾವೂ ನಕ್ವಿ” ಎಂದಳು. “ಇಲ್ಲೇ ಕುಂತಿದ್ವಿ. ನಿಮ್ಮಪ್ಪ, ‘ಕಳ್ಳ ನನ್ನ ಮಗ ನೋಡು, ಹೆಂಗ ಬಿದ್ದಾನ’ ಅಂದ. ಇಬ್ರೂ ನಕ್ವಿ.”

ಪರದೆಯ ಮೇಲೆ ಫುರ್ಕಾನ್ ಪ್ರಬುದ್ಧನನ್ನು ಎತ್ತಿಕೊಂಡು ಓಡುತ್ತಿದ್ದ. ಪ್ರಬುದ್ಧನ ಒಂದು ಕೈ ಅವನ ತೋಳಿನಾಚೆ ತೂಗುತ್ತಿತ್ತು. ಹಣಮಮ್ಮ ಅದನ್ನು ಬೆರಳಿನಿಂದ ಮುಟ್ಟಿದಳು, ವಿಡಿಯೋ ನಿಂತಿತು.

“ಆ ಹುಡುಗ ನನ್ನ ಕೈಯಾಗಿನ ರೊಟ್ಟಿ ತಿಂದಾನ. ಅವನ ಹೆಸರಿಗಿ ಹಿಂಗ ಮಣ್ಣ ಬೀಳಬಾರದು. ಹಾಕು.”

ಸುಜಾತಾ ಹಾಕಿದಳು. ಜೊತೆಗೆ ನಾಲ್ಕೇ ಸಾಲು ಬರೆದಳು. ನಾನು ಪ್ರಬುದ್ಧನ ಅಕ್ಕ. ಅಲ್ಲಿ ನಿಂತಿದ್ದವಳು ನಾನು. ಇದರಲ್ಲಿ ಏನನ್ನೂ ಕತ್ತರಿಸಿಲ್ಲ, ನನ್ನ ನಗುವನ್ನೂ ಕೂಡ. ನನ್ನ ತಮ್ಮನನ್ನು ಎತ್ತಿಕೊಂಡು ಓಡಿದವನು ಫುರ್ಕಾನ್. ಬದುಕಿನಲ್ಲಿ ಅವಳು ಬರೆದ ಮೊದಲ ನಿಜವಾದ ವರದಿ ಅದೇ ಎಂದು ಸಿದ್ದಣ್ಣ ಸರ್ ಆಮೇಲೊಮ್ಮೆ ಅಂದರು. ಅವಳಿಗೆ ಆ ಹೊಗಳಿಕೆ ಬೇಕಾಗಿರಲಿಲ್ಲ.

ಗಾಡಿ ಮಾಡಿಕೊಂಡು ಬರುತ್ತಿದ್ದವರು ಬರುವುದನ್ನು ಬಿಟ್ಟರು. ಪೊಲೀಸರು ಅದು ಆಟದಲ್ಲಾದ ಅವಘಡವೆಂದು ಬರೆದುಕೊಂಡರು. ಕೆಲ ವಾರಗಳ ಮೇಲೆ ಮೋಮಿನಪುರದ ಅಂಗಡಿಯ ಶಟರ್ ಮೇಲೆದ್ದಿತು. ಅಷ್ಟು ಆಯಿತು. ಆದರೆ ಕತ್ತರಿಸಿದ ತುಣುಕು ಮುಟ್ಟಿದ ಫೋನುಗಳಲ್ಲಿ ಕಾಲು ಭಾಗವನ್ನೂ ಪೂರಾ ವಿಡಿಯೋ ಮುಟ್ಟಲಿಲ್ಲ. ಅಷ್ಟುದ್ದ ನೋಡುವ ಪುರುಸೊತ್ತು ಯಾರಿಗಿದೆ? ನೋಡಿದವರಲ್ಲೂ ಕೆಲವರು ಬೇರೊಂದು ತುಣುಕು ಮಾಡಿದರು: ತಮ್ಮ ಬೀಳುವುದು, ಅಕ್ಕ ನಗುವುದು, ಅಷ್ಟೇ, ಮತ್ತೆ ಮತ್ತೆ. ಇಂಥ ಅಕ್ಕ ಶತ್ರುವಿಗೂ ಬೇಡ ಎಂದು ಕೆಳಗೆ ಬರೆದರು. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಚಪ್ಪಲಿ ಕೊಳ್ಳುತ್ತಿದ್ದಾಗ ಪಕ್ಕದ ಹೆಂಗಸೊಬ್ಬಳು ಅವಳ ಮಾತು ಕೇಳಿ ಗುರುತು ಹಿಡಿದು, ಸರಿದು ನಿಂತಳು. ಅಂದಿನಿಂದ ಸುಜಾತಾ ಅಂಗಡಿಗಳಲ್ಲಿ ಬೆರಳು ತೋರಿಸಿಯೇ ವ್ಯಾಪಾರ ಮುಗಿಸುತ್ತಿದ್ದಳು.

ಪರೀಕ್ಷೆ ಬರೆದಳು, ಪಾಸಾದಳು. ಕಲಬುರಗಿಯ ಸಣ್ಣದೊಂದು ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ನೀರು ಬಾರದ ಓಣಿ, ಕಿತ್ತ ರಸ್ತೆ, ಮುಚ್ಚಿದ ಶೌಚಾಲಯ, ಏನು ಹೇಳಿದರೂ ಹೋಗಿ ಬರೆಯುತ್ತಿದ್ದಳು. ಕ್ರೀಡೆಯ ಪುಟ ಮಾತ್ರ ಬೇಡ ಎಂದಿದ್ದಳು. ‘ಮಣ್ಣಿನ ಹಾಕಿ’ಯಲ್ಲಿ ಆ ವಿಡಿಯೋದ ಮೇಲೆ ಹೊಸದೇನೂ ಬರಲಿಲ್ಲ.

ಫುರ್ಕಾನನಿಗೆ ಅವಳು ಹಲವು ಸಲ ಫೋನ್ ಹಚ್ಚಿದಳು. ರಿಂಗಾಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಹೈದರಾಬಾದಿನ ಚಿಕ್ಕಪ್ಪನ ಹತ್ತಿರ ಎ.ಸಿ. ರಿಪೇರಿ ಕಲಿಯುತ್ತಿದ್ದಾನೆಂದು ಅವನ ತಂಡದವರು ಹೇಳಿದರು. ಒಂದು ಬೇಸಿಗೆ ಹಣಮಮ್ಮ ಕಣ್ಣು ತೋರಿಸಲೆಂದು ಕಲಬುರಗಿಗೆ ಬಂದವಳು, ಆಸ್ಪತ್ರೆಯಿಂದ ಹೊರಬಿದ್ದು, “ಮೋಮಿನಪುರಕ ಆಟೋ ಮಾಡು. ಅವರ ಮನಿಗಿ ಹೋಗಿ ಬರೂಣು” ಎಂದಳು.

ಬಾಗಿಲು ತೆಗೆದ ಫುರ್ಕಾನನ ತಾಯಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಹಣಮಮ್ಮನ ಕೈ ಹಿಡಿದು ಒಳಗೆ ಕರೆದೊಯ್ದು ಪಲ್ಲಂಗದ ಮೇಲೆ ಕೂರಿಸಿ, ಪಕ್ಕದಲ್ಲಿ ಕುಳಿತಳು. ಹಿಡಿದ ಕೈ ಬಿಡಲೇ ಇಲ್ಲ. ಚಹಾ ಬಂತು, ಆರಿತು. ಕಡೆಗೆ ಆಕೆಯೇ ಫೋನು ತೆಗೆದು ಮಗನಿಗೆ ವಿಡಿಯೋ ಕಾಲ್ ಮಾಡಿ, ಹಣಮಮ್ಮನ ಮುಂದೆ ಹಿಡಿದಳು.

ಫುರ್ಕಾನ್ ಸೊರಗಿದ್ದ. ಹಣಮಮ್ಮನ ಮುಖ ಕಂಡದ್ದೇ ಅಂಗೈಯಿಂದ ಕಣ್ಣು ಮುಚ್ಚಿಕೊಂಡ.

“ಕೈ ತಗಿಯಪ್ಪಾ, ನೋಡ್ತೀನಿ. ಉಂಡಿ ಏನು?”

“ಹ್ಞೂಂ ಅವ್ವಾ.”

“ಆಟ ಬಿಟ್ಟಿ ಅಂತಲ್ಲ. ಯಾಕ ಬಿಟ್ಟಿ? ನಾ ನಿನಗೇನ ಅಂದೀನಿ ಏನು?”

“ನೀವ್ ಅಂದಿಲ್ಲವ್ವಾ. ಸ್ಟಿಕ್ ಹಿಡದ್ರ ಅವ ಎದುರಿಗಿ ಓಡಿ ಬಂದಂಗ ಆಗ್ತದ.” ಅವನು ಪಕ್ಕಕ್ಕೆ ತಿರುಗಿದ. “ಆಪಾಗ ಹೇಳ್ರಿ, ಫೋನ್ ಎತ್ತಲಿಲ್ಲಂತ ಸಿಟ್ಟಾಗಬ್ಯಾಡ ಅಂತ. ಆಕಿ ದನಿ ಕೇಳಿದ್ರ ನನಗ ಆ ಗ್ರೌಂಡ್ ನೆನಪಾಗ್ತದ.”

ಸುಜಾತಾ ಪಲ್ಲಂಗದ ಆ ಬದಿಯಲ್ಲೇ ಕುಳಿತಿದ್ದಳು. ಅವನಿಗೆ ಕಾಣುತ್ತಿರಲಿಲ್ಲ. ನೀನು ಹೇಳಿದ್ದನ್ನು ನಾನು ಆ ದಿನವೇ ನಂಬಿದ್ದೆ ಎಂದು ಹೇಳಬೇಕೆಂದು ಬಾಯಿ ತೆರೆದವಳು, ಅವನ ಮಾತು ಕೇಳಿ ಮುಚ್ಚಿಕೊಂಡಳು.

ಕಮಲಾಪುರದ ಬಸ್ಸಿನಲ್ಲಿ ತಾಯಿಮಗಳಿಗೆ ಒಂದೇ ಸೀಟು ಸಿಕ್ಕಿತು. ಹಣಮಮ್ಮ ಕಿಟಕಿಯ ಕಡೆ ಕುಳಿತಳು, ಸುಜಾತಾ ಕಂಬಿ ಹಿಡಿದು ನಿಂತಳು. ಊರು ದಾಟಿ, ಬಸ್ಸಿನಲ್ಲಿ ಜನ ಕಡಿಮೆಯಾದ ಮೇಲೆ ಹಣಮಮ್ಮ ತಲೆಯೆತ್ತಿ, “ಅವನೂ ಹೋದಂಗ ಆತಲ್ಲವ್ವಾ” ಎಂದಳು. ಸುಜಾತಾ ಹೌದೆನ್ನುವಂತೆ ತಲೆ ಆಡಿಸಿದಳು, ಪಕ್ಕದ ಸೀಟು ಖಾಲಿಯಾದರೂ ಕೂಡಲಿಲ್ಲ.