ಗಂಗಕ್ಕನ ಬಾಲವಾಡಿಯೂ ನನ್ನ ತೇಪೆಯ ಜುಬ್ಬವೂ

ಬೆಳಿಗ್ಗೆ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಗಂಗಕ್ಕ ಬಂದರು, ಬಗಲಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು. ನಿಮಗೂ ಹೀಗೆ ವಾಸನೆಯ ಬೆನ್ನು ಹತ್ತಿ ಮನುಷ್ಯರು ಬರುತ್ತಾರೋ ಇಲ್ಲವೋ, ನಾನರಿಯೆ.

ತೊಂಬತ್ತರ ದಶಕದ ಮಾತು. ನಮ್ಮ ಕಡೆಯಿಂದ ಪುಣೆಗೆ ಕಟ್ಟಡದ ಗೌಂಡಿ ಕೆಲಸಕ್ಕೆ ಬಂದವರ ಮಕ್ಕಳಿಗಾಗಿ ಗಂಗಕ್ಕ ಸಣ್ಣದೊಂದು ಸಂಸ್ಥೆ ಕಟ್ಟಿ, ಯೆರವಡಾದ ತಗಡಿನ ಶೆಡ್ಡಿನಲ್ಲಿ ಬಾಲವಾಡಿ ನಡೆಸುತ್ತಿದ್ದರು. ಜೀವಮಾನವೆಲ್ಲ ಅದನ್ನೇ ಮಾಡಿದರು. ನಾನು ಅಲ್ಲಿ ಗುಮಾಸ್ತ. ಪಗಾರ ತಪ್ಪದೆ ಬರುತ್ತಿತ್ತು. ಆದರೂ ಬಡವರ ಸೇವಕನೆಂದರೆ ಹೀಗೇ ಇರಬೇಕೆಂದು ತೇಪೆಯ ಜುಬ್ಬ, ಪಿನ್ನು ಚುಚ್ಚಿದ ಚಪ್ಪಲಿ ಹಾಕಿಕೊಂಡು ತಿರುಗುತ್ತಿದ್ದೆ. ನಿಮಗೊಂದು ಗುಟ್ಟು: ಜುಬ್ಬ ಹೊಸದು, ತೇಪೆ ನಾನೇ ಹಾಕಿಸಿದ್ದು.

ಒಮ್ಮೆ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಕ್ಕಿಬೇಳೆ ಕೊಡುತ್ತಿದ್ದವರು ಕೈಬಿಟ್ಟರು. ಊಟವಿಲ್ಲದಿದ್ದರೆ ಬಾಲವಾಡಿಯೂ ಇಲ್ಲ, ಕೂಸುಗಳು ಮತ್ತೆ ತಾಯಂದಿರ ಹಿಂದೆ ಮರಳಿನ ಗುಡ್ಡೆಗೇ ಹೋಗಬೇಕು. ಕರಾವಳಿಯಿಂದ ಬಂದು ಹೋಟೆಲು ನಡೆಸುತ್ತಿದ್ದ ಶೆಟ್ಟರೊಬ್ಬರನ್ನು ಕೇಳಿದಾಗ, ಒಮ್ಮೆ ಕಣ್ಣಾರೆ ನೋಡಿ ಹೇಳುತ್ತೇನೆ ಎಂದರು. ದೊಡ್ಡವರು ಬರುತ್ತಾರೆ, ಚೆಂದಾಗಿರಿ ಎಂದು ಓಣಿಗೆಲ್ಲ ಸಾರಿದ ಮಹಾಶಯ ನಾನೇ.

ಹೆಂಗಸರೆಲ್ಲ ಟ್ರಂಕಿನ ತಳದಿಂದ ಮದುವೆಯ ಸೀರೆ ತೆಗೆದು ಉಟ್ಟು ಬಂದರು. ಶೆಡ್ಡೆಲ್ಲ ನುಸಿಗುಳಿಗೆ. ಮಕ್ಕಳ ಮುಖಕ್ಕೆ ಪೌಡರು. ಇಟ್ಟಿಗೆ ಹೊರುವ ಮಲ್ಲಮ್ಮ, ಓಣಿಯವರೆಲ್ಲ ಕೂಡಿಸಿದ ಬೇಳೆ ಬೆಲ್ಲದಲ್ಲಿ ಹೋಳಿಗೆ ಮಾಡಿದ್ದಳು. ಶೆಟ್ಟರು ಬಡವರಿಗಾಗಿ ಅತ್ತಿತ್ತ ಹುಡುಕಿದರು. ಕೊನೆಗೆ ಮೂಲೆಯಲ್ಲಿ ಮೂರನೆಯ ಹೋಳಿಗೆ ಮುಗಿಸುತ್ತಿದ್ದ ನನ್ನನ್ನು ಕಂಡು, ಮರುಕದಿಂದ ಹೆಗಲ ಮೇಲೆ ಕೈಯಿಟ್ಟರು.

“ಊಟಕ್ಕೆಲ್ಲ ಎಂತ ಮಾಡ್ತೀರಿ, ಮಾರಾಯ್ರೆ?”

ನನ್ನ ಬಾಯಿ ತುಂಬ ಹೋಳಿಗೆ. ಮಕ್ಕಳ ಊಟ ಉಳಿಯುವುದಾದರೆ ಬಡವನಾಗಿಬಿಡಲೇ ಎಂದೂ ಅನಿಸಿತು. ಅಷ್ಟರಲ್ಲಿ ಗಂಗಕ್ಕ ಹೆಂಗಸರತ್ತ ಕೈ ತೋರಿಸಿ, ನಗದೆ ಹೇಳಿದರು:

“ಅವ್ರು ನಮ್ಮ ಗುಮಾಸ್ತರ್ರಿ, ಉಂಡು ತಿಂದು ಗಟ್ಟ್ಯಾಗಿ ಅದಾರ. ಬಡವ್ರು ಇವ್ರು. ಮನಿಗೆ ಬೀಗ್ರು ಬಂದ್ರ ಹರಕ ಸೀರಿ ಉಟ್ಕೊಂಡು ನಿಂದ್ರಬೇಕೇನ್ರಿ?”

ಶೆಟ್ಟರು ಎಲೆಯ ಮುಂದೆ ಕುಳಿತರು. ಮಲ್ಲಮ್ಮ ಬಡಿಸಲು ಬಾಗಿದಾಗ, ಸಿಮೆಂಟು ತಿಂದು ಬಿರಿದ ಅವಳ ಬೆರಳುಗಳನ್ನು ನೋಡಿದರು. ಹೋಟೆಲಿನವರಲ್ಲವೇ, ಬಡಿಸುವ ಕೈ ಮೊದಲು ಕಾಣುತ್ತದೆ. ಎಲೆಯಲ್ಲಿ ಚೂರೂ ಬಿಡದೆ ಉಂಡು ಎದ್ದರು.

ಮರುದಿನದಿಂದ ಅನ್ನ ಸಾರಿನ ಪಾತ್ರೆ ಬರತೊಡಗಿತು. ಜೊತೆಗೆ, ಗುಮಾಸ್ತರಿಗೆಂದು ಬೇರೆಯೇ ಒಂದು ಪೊಟ್ಟಣ. ಗಂಗಕ್ಕನ ಮಾತಿಗಿಂತ ನನ್ನ ಜುಬ್ಬವನ್ನೇ ಶೆಟ್ಟರು ಹೆಚ್ಚು ನಂಬಿದ್ದರೆಂದು ಕಾಣುತ್ತದೆ. ನಾನೂ ಮಾನ ಬಿಟ್ಟು ವರ್ಷಗಟ್ಟಲೆ ತಿಂದೆ.

ಗಂಗಕ್ಕ ಈಗಿಲ್ಲ. ಅಂದು ಪೌಡರು ಬಳಿದುಕೊಂಡು ಕುಳಿತಿದ್ದ ಮಲ್ಲಮ್ಮನ ಮಗಳೇ ಬಾಲವಾಡಿ ನಡೆಸುತ್ತಾಳೆ. ಇಂದು ಅಲ್ಲಿ ಗಂಗಕ್ಕನ ಫೋಟೋ ಹಾಕುತ್ತಾರೆಂದು ನಿನ್ನೆ ಫೋನು ಮಾಡಿದ್ದಳು.

“ಕಾಕಾ, ಆ ತ್ಯಾಪಿ ಜುಬ್ಬಾ ಮಾತ್ರ ಬ್ಯಾಡ್ರಿ. ಅಕ್ಕನ ಮುಂದ ನಿಂದ್ರೂದು ಅದ.”

ಟ್ರಂಕಿನ ತಳದಿಂದ ಮದುವೆಯ ರೇಷ್ಮೆ ಧೋತರ ತೆಗೆದು ಉಟ್ಟೆ. ರಿಕ್ಷಾದವನು ಮೂಗು ಮುಚ್ಚಿಕೊಂಡ. ಮುಚ್ಚಿಕೊಳ್ಳಲಿ, ಬೀಗರ ಮನೆಗೆ ಹೊರಟವನು ನಾನು.